ಹಾಸುಗಲ್ಲು ಬೆಟ್ಟಕ್ಕೆ ಎಂಟು ಹುಡುಗಿಯರು

೧೨ ಡಿಸೆಂಬರ್ ೧೯೫೪, ಭಾನುವಾರ

ಥರ್ಮಾಮೀಟರು ಬೆಳಿಗ್ಗೆ ೯೭.೬, ಸಂಜೆ ೯೮.೬. ಕೆಮ್ಮಿಲ್ಲ. ರಾತ್ರಿ ಬೆವರಿಲ್ಲ.

ಹುತ್ತರಿಯ ತಂಬಿಟ್ಟು ಹಿಡಿದುಕೊಂಡು ಮಧ್ಯಾಹ್ನ ಬೊಳ್ಳವ್ವ ಬಂದಳು. ಮಡಿಕೇರಿಯ ಕಾನ್ವೆಂಟಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ಈಗ ಅವಳು ಸೋಮವಾರಪೇಟೆಯಲ್ಲಿ ಹುಡುಗಿಯರ ಶಾಲೆಯ ಹೆಡ್‌ಮಿಸ್ಟ್ರೆಸ್, ನಾನು ಅದೇ ಶಾಲೆಯ ಕೆಲಸ ಬಿಟ್ಟವಳು. ಬಿಟ್ಟವಳು ಎಂದು ಬರೆಯುವುದು ಸರಿಯೇ? ಕ್ಷಯ ಬಂತು, ಸ್ಯಾನಟೋರಿಯಂಗೆ ಹೋದೆ, ಎರಡು ಚಳಿಗಾಲ ಅಲ್ಲಿದ್ದೆ. ವಾಸಿಯಾಗಿದೆ ಎಂದು ಕಳಿಸಿ ಹತ್ತು ತಿಂಗಳಾಯಿತು. ಕೆಲಸವನ್ನು ನಾನು ಬಿಡಲಿಲ್ಲ. ಅದೂ ನನಗಾಗಿ ಕಾಯುತ್ತಾ ಕೂತಿಲ್ಲ.

"ಸಿದ್ದಬಸಪ್ಪನವರು ಒಂದು ಮಾತು ಹೇಳಿದಾರೆ" ಎಂದಳು ಬೊಳ್ಳವ್ವ. ಸಿದ್ದಬಸಪ್ಪನವರು ಶಾಲಾ ಕಮಿಟಿಯ ಅಧ್ಯಕ್ಷರು, ಕಾಫಿ ತೋಟದವರು. "ಡಾಕ್ಟರ ಮಾತು ನಮಗೆ ಸಾಕು, ತಾಯಂದಿರಿಗೆ ಸಾಕೋ ಇಲ್ವೋ ನೋಡಬೇಕು ಅಂದ್ರು. ಮೊದಲೆಲ್ಲ ನೀನು ಚಳಿಗಾಲದಲ್ಲಿ ಗೈಡ್ಸ್ ಹುಡುಗೀರನ್ನ ಬೆಟ್ಟಕ್ಕೆ ಕರ್ಕೊಂಡು ಹೋಗಿ ಒಂದು ರಾತ್ರಿ ಇದ್ದು ಬರ್ತಿದ್ದೆಯಲ್ಲ, ಈ ಸಲವೂ ಹೋಗಬೇಕಂತೆ. ಹದಿನಾಲ್ಕು ಹುಡುಗೀರಲ್ಲಿ ಎಂಟು ಮನೆಯವರಾದರೂ ಕಳಿಸಿದರೆ ಸಂಕ್ರಾಂತಿ ಕಳೆದ ಮೇಲಿನ ಮೀಟಿಂಗಿನಲ್ಲಿ ನಿನ್ನನ್ನ ವಾಪಸ್ ತಗೊಳ್ಳೋಣ ಅಂದ್ರು."

"ಕಳಿಸದಿದ್ದರೆ?"

"ತಂಬಿಟ್ಟು ತಿನ್ನು."

ನನ್ನ ತಟ್ಟೆ ತಂದು ಅದಕ್ಕೆ ಹಾಕಿಸಿಕೊಂಡೆ. ನನ್ನ ತಟ್ಟೆ, ಲೋಟ ಬೇರೆ. ಅವನ್ನು ಕುದಿಯುವ ನೀರಿನಲ್ಲಿ ನಾನೇ ತೊಳೆಯುತ್ತೇನೆ.

ಬೆಟ್ಟ ಯಾವುದು ಎಂದು ಸಂಜೆಯೇ ನಿರ್ಧರಿಸಿದೆ: ಮಾದಾಪುರದ ಆಚೆಯ ಹಾಸುಗಲ್ಲು ಬೆಟ್ಟ. ಮೇಲೆಲ್ಲ ಬಯಲು, ಹುಲ್ಲು, ಒಂದು ಮರವಿಲ್ಲ. ಗಾಳಿಗೆ ಅಡ್ಡವೇ ಇಲ್ಲ. ಜನವರಿ ಎಂಟು ಶನಿವಾರ, ಹುಣ್ಣಿಮೆ. ಸುಲಭದ ಬೆಟ್ಟಕ್ಕೆ ಹೋಗಿಬಂದರೆ ಯಾರಿಗೂ ಏನನ್ನೂ ತೋರಿಸಿದಂತಾಗುವುದಿಲ್ಲ.

ಕಾನ್ವೆಂಟಿನಲ್ಲಿ ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆಸುತ್ತಿದ್ದರು, ಶನಿವಾರ ಸಿಸ್ಟರ್ ಓದುತ್ತಿದ್ದರು. ಇದನ್ನು ಯಾರೂ ಓದುವುದಿಲ್ಲ. ಆದ್ದರಿಂದ ಕನ್ನಡ.

೧೪ ಡಿಸೆಂಬರ್, ಮಂಗಳವಾರ

ಬೆಳಿಗ್ಗೆ ೯೭.೮, ಸಂಜೆ ೯೮.೬.

ಮೊದಲು ಚನ್ನಬಸಮ್ಮನವರ ಮನೆಗೆ ಹೋದೆ. ಸಿದ್ದಬಸಪ್ಪನವರ ಹೆಂಡತಿ. ಅವರ ಮಗಳು ಗಿರಿಜೆ ಗೈಡ್ಸ್‌ನಲ್ಲಿದ್ದಾಳೆ. ಅವರು ಕಳಿಸಿದರೆ ಉಳಿದವರೂ ಕಳಿಸುತ್ತಾರೆ ಎಂದು ನನ್ನ ಲೆಕ್ಕ.

"ವಿಮಲಕ್ಕ, ನೀವು ಕರ್ಕೊಂಡು ಹೋಗ್ತೀನಿ ಅಂದ್ರೆ ನಾವು ಬೇಡ ಅಂತೀವಾ? ಆದ್ರೆ ನೋಡಿ, ಬೆಳಿಗ್ಗೆ ಸ್ನಾನ ಆಗಿ ಲಿಂಗಪೂಜೆ ಮುಗಿಯದೆ ನಮ್ಮ ಗಿರಿಜೆ ಒಂದು ತೊಟ್ಟು ಕಾಫೀನೂ ಬಾಯಿಗೆ ಹಾಕಲ್ಲ. ಆ ಬೋಳು ಬೆಟ್ಟದ ಮೇಲೆ ನೀರೆಲ್ಲಿ ಸಿಗ್ಬೇಕು?"

ನನ್ನ ಕೊರಳಲ್ಲೂ ಲಿಂಗವಿದೆ. ಕಳೆದ ವಾರ ಬೆಳ್ಳಂಬೆಳಿಗ್ಗೆ, ತಲೆ ಕೂಡ ಬಾಚದೆ, ಗಿರಿಜೆ ನಮ್ಮ ಬೇಲಿಯ ಸೀಬೆಹಣ್ಣು ಕಚ್ಚಿಕೊಂಡು ಓಡುವುದನ್ನು ನೋಡಿದ್ದೇನೆ. ಆದರೂ ಪ್ರಶ್ನೆ ನ್ಯಾಯವಾದದ್ದೇ. ನೀರನ್ನು ನಾನು ಮೊದಲೇ ಯೋಚಿಸಬೇಕಿತ್ತು.

"ನೀರಿದ್ದರೆ ಕಳಿಸ್ತೀರಾ?"

"ನೀರೊಂದಿದ್ರೆ ಇನ್ನೇನು?"

ಕಾಫಿ ಕೊಟ್ಟರು. ಅವರಿಗೆ ಬೆಳ್ಳಿ ಲೋಟ, ನನಗೆ ಗಾಜಿನ ಲೋಟ. ಬಂದವರಿಗೆ ಗಾಜಿನದು ಕೊಡುವ ರೂಢಿ ಇರಬಹುದು.

ಭಾನುವಾರ ಹೋಗಿ ನೀರು ನೋಡಿಬರಬೇಕು.

೧೯ ಡಿಸೆಂಬರ್, ಭಾನುವಾರ

ಬೆಳಿಗ್ಗೆ ನೋಡಲು ಪುರಸೊತ್ತಾಗಲಿಲ್ಲ. ಸಂಜೆ ೯೮.೮, ನಡೆದದ್ದರಿಂದ ಇರಬೇಕು.

ಮೊದಲ ಬಸ್ಸಿಗೆ ಮಾದಾಪುರ. ಒಬ್ಬಳೇ ಹೋಗುತ್ತೇನೆಂದರೂ ನಮ್ಮ ಯಜಮಾನರು ಕೇಳಲಿಲ್ಲ, ತಮ್ಮ ಏಲಕ್ಕಿ ಮಂಡಿಗೆ ಬೀಗ ಹಾಕಿ ಜೊತೆಗೆ ಬಂದರು. ಏಲಕ್ಕಿ ಕಾಡು ದಾಟುವವರೆಗೆ ಇವರೇ ಮುಂದು. ಹುಲ್ಲಿನ ಏರು ಶುರುವಾದ ಮೇಲೆ ಹಿಂದಿನಿಂದ ಬರೀ ಉಸಿರಿನ ಸದ್ದು. ತಿರುಗಿ ನೋಡಿದರೆ ಕಲ್ಲಿನ ಮೇಲೆ ಕೂತಿದ್ದಾರೆ, ರುಮಾಲು ತೊಡೆಯ ಮೇಲೆ.

"ನಿನಗೆ ಒಂದು ಶ್ವಾಸಕೋಶ ಕಮ್ಮಿ ಅಂತ ಯಾರೋ ಅಂದಿದ್ರಲ್ಲ?"

"ಕಮ್ಮಿ ಏನಿಲ್ಲ. ಒಂದು ಕಡೆ ಗಾಯದ ಕಲೆ ಇದೆ."

"ಹಾಗಾದ್ರೆ ನನಗೂ ಒಂದು ಕಲೆ ಮಾಡಿಸಿಕೊಡು ಮಾರಾಯ್ತಿ."

ನನಗೂ ಆಯಾಸವಾಯಿತು. ಆದರೆ ನನಗೆ ಆಯಾಸವನ್ನು ಅಳೆದು ಅಭ್ಯಾಸವಿದೆ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಬಾಯಿ ಮುಚ್ಚಿ ಉಸಿರಾಡಬೇಕು ಎಂಬುದನ್ನು ಅಲ್ಲಿ ಕಲಿಸಿದ್ದರು. ಇವರಿಗೆ ಅದನ್ನು ಯಾರೂ ಕಲಿಸಿಲ್ಲ.

ಮೇಲಿನ ಬಯಲು ನೆನಪಿನಲ್ಲಿದ್ದುದಕ್ಕಿಂತ ದೊಡ್ಡದು. ಸೊಂಟದುದ್ದದ ಒಣಹುಲ್ಲು ಒಂದೇ ದಿಕ್ಕಿಗೆ ಬಾಗಿತ್ತು. ಬಯಲಿನ ಅಂಚಿನಿಂದ ಸ್ವಲ್ಪ ಕೆಳಗೆ, ಬಂಡೆಯ ಸಂದಿನಲ್ಲಿ ನೀರಿನ ಊಟೆ ಇದೆ. ಕೊಡ ತುಂಬುವಷ್ಟು ಹೊತ್ತು ನಿಂತು ನೋಡಿದೆ, ಹರಿವು ಕಡಿಮೆಯಾಗಲಿಲ್ಲ. ಪೂಜೆಗೆ ಸಾಕು, ಸ್ನಾನಕ್ಕೂ ಸಾಕು. ಅಷ್ಟು ತಣ್ಣನೆಯ ನೀರಿನಲ್ಲಿ ಯಾರು ಸ್ನಾನ ಮಾಡುತ್ತಾರೆಂಬುದು ಬೇರೆ ಮಾತು.

ಇಳಿಯುವಾಗ ಕೆಳಗಿನ ಹಳ್ಳಿಯ ಪಟೇಲ ಬೆಳ್ಯಪ್ಪನವರನ್ನು ಕಂಡೆವು. ಕಣದಲ್ಲಿ ನಿಂತು ಬತ್ತ ತೂರುತ್ತಿದ್ದರು.

"ಎಂಟನೇ ತಾರೀಖಾ? ಆ ವಾರ ಬೆಟ್ಟದ ಹುಲ್ಲಿಗೆ ಬೆಂಕಿ ಕೊಡ್ತೀವಿ ತಾಯಿ. ಸುಟ್ಟರೇ ಮೊದಲ ಮಳೆಗೆ ದನಕ್ಕೆ ಎಳೆ ಹುಲ್ಲು. ಶಾಲೆ ಹುಡುಗೀರನ್ನ ಸುಟ್ಟ ಬೆಳ್ಯಪ್ಪ ಅಂತ ನನ್ನ ಹೆಸರು ಪೇಪರಿನಲ್ಲಿ ಬರೋದು ಬೇಡ."

"ಒಂದು ವಾರ ಮುಂದಕ್ಕೆ ಹಾಕಿ."

"ನಾನು ಹಾಕ್ತೀನಿ. ಗಾಳಿ ಹಾಕ್ತದಾ?"

ಸ್ವಲ್ಪ ಯೋಚಿಸಿ ಹೇಳಿದೆ: "ಹಾಗಾದರೆ ಮೇಲಿನ ಬಯಲನ್ನ ನಾವು ಬರೋ ಮೊದಲೇ ಸುಟ್ಟುಬಿಡಿ. ಇಳಿಜಾರಿನದು ನಾವು ಇಳಿದುಹೋದ ಮೇಲೆ ಸುಡಿ. ಸುಟ್ಟ ನೆಲ ಮತ್ತೆ ಸುಡೋದಿಲ್ಲ. ನಾವು ಅಲ್ಲೇ ಮಲಗ್ತೇವೆ."

ಅವರು ಮೊರ ಕೆಳಗಿಟ್ಟರು. "ನಲವತ್ತು ವರ್ಷದಿಂದ ಬೆಂಕಿ ಕೊಡ್ತಾ ಇದೀನಿ. ಮಲಗೋಕೆ ಜಾಗ ಸುಟ್ಟುಕೊಡಿ ಅಂತ ಕೇಳಿದೋರು ನೀವೇ ಮೊದಲು. ಆಯ್ತು, ಸುಡೋಣ. ಸೀರೆ ಕಪ್ಪಾದರೆ ನನ್ನ ಕೇಳಬೇಡಿ."

ಬಸ್ಸಿನಲ್ಲಿ ಇವರು, "ವಿಭೂತಿ ಕಟ್ಟಿಕೊಂಡು ಹೋಗೋ ಕೆಲಸ ಇಲ್ಲ ಬಿಡು, ಹೊರಳಿದರೆ ಸಾಕು" ಎಂದು ತಮ್ಮ ಮಾತಿಗೆ ತಾವೇ ನಕ್ಕು, ಸೋಮವಾರಪೇಟೆ ಬರುವವರೆಗೆ ನನ್ನ ಭುಜದ ಮೇಲೆ ನಿದ್ದೆ ಮಾಡಿದರು.

೨೨ ಡಿಸೆಂಬರ್, ಬುಧವಾರ

ಸಂಜೆ ೯೮.೪.

ನೀರಿದೆ ಎಂದು ಚನ್ನಬಸಮ್ಮನವರಿಗೆ ಹೇಳಿದೆ. "ಹೌದಾ? ಒಳ್ಳೇದಾಯ್ತು ನೋಡಿ" ಎಂದು ಸಂತೋಷಪಟ್ಟರು. ಆಮೇಲೆ, "ಆದ್ರೆ ಆ ಗಾಳಿ ವಿಮಲಕ್ಕ..." ಎಂದರು. ಕಂಬಳಿ ಹೊಂದಿಸುತ್ತೇನೆ ಎಂದೆ. "ಅದೂ ಸರಿಯೇ" ಎಂದರು. ಕಳಿಸುತ್ತೇನೆ ಎನ್ನಲಿಲ್ಲ.

ಉಳಿದ ಮನೆಗಳದ್ದು: ಒಬ್ಬರಿಗೆ ಚಿರತೆಯ ಭಯ (ಬೆಳ್ಯಪ್ಪನವರ ಕಡೆಯ ಇಬ್ಬರು ಗಂಡಸರು ಬಯಲಿನ ಅಂಚಿನಲ್ಲಿ ಬೆಂಕಿ ಹಾಕಿಕೊಂಡು ಕಾಯುತ್ತಾರೆ ಎಂದೆ). ಒಬ್ಬರ ಮಗಳಿಗೆ ಶೂ ಇಲ್ಲ (ಬೊಳ್ಳವ್ವನ ಮಗಳ ಹಳೆಯದು ಸರಿಹೋಗುತ್ತದೆ). ಒಬ್ಬರ ಮನೆಯಲ್ಲಿ ಆ ದಿನವೇ ನಾಮಕರಣ. ಒಬ್ಬಳಿಗೆ ಹಲ್ಲುನೋವು ಬರಬಹುದಂತೆ, ಜನವರಿಯಲ್ಲಿ. ಮತ್ತೊಬ್ಬರು, "ಸುಟ್ಟ ನೆಲದ ಮೇಲಾ? ಯೂನಿಫಾರ್ಮ್ ಗತಿ ಏನು?" ಎಂದರು. ತೋಟದವರು ಹೊದೆಯುವ ಕರಿಕಂಬಳಿ ಹಾಸಿದರೆ ಮಸಿ ಕಾಣುವುದಿಲ್ಲ. ಅದನ್ನೂ ಹೇಳಿದೆ.

ಒಂದೊಂದಕ್ಕೂ ಉತ್ತರ ಸಿಗುತ್ತಿದೆ. ಆದರೂ ಹುಡುಗಿಯರ ಹೆಸರು ಹೆಚ್ಚುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? ಇನ್ನಷ್ಟು ಸೂಕ್ಷ್ಮವಾಗಿ ಯೋಚಿಸಬೇಕೇನೋ.

ಎರಡು ಕಂಬಳಿಗಳ ನಡುವೆ ಹಳೆಯ ಪೇಪರು ಹಾಸಿದರೆ ನೆಲದ ಥಂಡಿ ಹತ್ತುವುದಿಲ್ಲ, ತಲೆಗೆ ಮಫ್ಲರ್ ಹೇಗೆ ಸುತ್ತಬೇಕು, ಕಾಲ ಬಳಿ ಬಿಸಿನೀರಿನ ಬಾಟಲಿಯನ್ನು ಯಾವಾಗ ಇಡಬೇಕು ಎಂದೆಲ್ಲ ಬೊಳ್ಳವ್ವನಿಗೆ ವಿವರಿಸುತ್ತಿದ್ದೆ. "ಇದೆಲ್ಲ ಎಲ್ಲಿ ಕಲಿತೆ?" ಎಂದಳು. ಗೈಡ್ಸ್ ಪುಸ್ತಕದಲ್ಲಿದೆ ಎಂದೆ. ಪುಸ್ತಕದಲ್ಲಿಲ್ಲ. ಸ್ಯಾನಟೋರಿಯಂನಲ್ಲಿ ನಮ್ಮನ್ನು ತೆರೆದ ವರಾಂಡದಲ್ಲಿ ಮಲಗಿಸುತ್ತಿದ್ದರು, ಚಳಿಗಾಲದಲ್ಲೂ. ತಣ್ಣನೆಯ ಗಾಳಿಯೇ ಔಷಧ. ಅಲ್ಲಿ ಕಲಿತದ್ದು. ಸುಳ್ಳು ಯಾಕೆ ಹೇಳಿದೆನೋ ತಿಳಿಯುತ್ತಿಲ್ಲ. ಅವಳು ನನ್ನನ್ನು ನೋಡಲು ಅಲ್ಲಿಗೇ ಬಂದಿದ್ದಳು.

೨೭ ಡಿಸೆಂಬರ್, ಸೋಮವಾರ

ಜ್ವರ ನೋಡಿದೆ, ಇಲ್ಲ.

ಇವತ್ತು ಸಂತೆ. ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ಗೇಟು ತೆಗೆದುಕೊಂಡು ನೇರವಾಗಿ ಒಳಗೆ ಬಂದಳು. ಬಗಲಲ್ಲಿ ಅವರೆಕಾಯಿಯ ಚೀಲ. ನಿಂಗಮ್ಮ. ಗಂಡ ಜವರಯ್ಯ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡವರು. ಮಗಳು ವನಜ ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಾಳೆ, ಗೈಡ್ಸ್ ಹುಡುಗಿ.

"ನೀವೇನಾ ಬೆಟ್ಟದ ಟೀಚರಮ್ಮ?"

ಹೌದೆಂದೆ.

"ನಿಮ್ಗೆ ಆ ಕಾಯ್ಲೆ ಇತ್ತಂತೆ."

ಕೆಲಸದ ಸಿದ್ದಮ್ಮ ಹಿತ್ತಲಲ್ಲಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದಳು.

"ಇತ್ತು" ಎಂದೆ.

"ಈಗ?"

"ಇಲ್ಲ. ಡಾಕ್ಟರು..."

"ಡಾಕ್ಟ್ರನ್ನ ನಾನೇನು ಕಂಡಿದೀನಾ? ಎಲ್ಲಿ, ಒಂದ್ಸಲ ಕೆಮ್ಮಿ."

"ಏನಂದಿರಿ?"

"ಕೆಮ್ಮಿ ತಾಯಿ. ನಮ್ಮಣ್ಣ ಅದ್ರಲ್ಲೇ ಹೋದ. ಆ ಸದ್ದು ನಂಗೆ ಗೊತ್ತು."

ಕೆಮ್ಮಿದೆ. ಎರಡು ವರ್ಷ ಬೇಡವೆಂದರೂ ಬರುತ್ತಿದ್ದ ಕೆಮ್ಮು ಇವತ್ತು ಬೇಕೆಂದರೆ ಬರಲಿಲ್ಲ.

"ಇದು ಕೆಮ್ಮಲ್ಲ, ಗಂಟ್ಲು ಸರಿ ಮಾಡ್ಕಳದು. ಭಾಷಣ ಮಾಡಕ್ಕೆ ಹೊಂಟಂಗೈತೆ. ಒಳಗಿಂದ ಕೆಮ್ಮಿ."

ಒಳಗಿಂದ ಕೆಮ್ಮಲು ಹೋದೆ, ನಗು ಬಂತು. ನಕ್ಕಿದ್ದು ನೋಡಿ ಆಕೆಯೂ ನಕ್ಕಳು. ಹಿತ್ತಲಲ್ಲಿ ಸಿದ್ದಮ್ಮನೂ ನಗುತ್ತಿದ್ದುದು ಕೇಳಿಸಿತು.

"ಇಲ್ಲ ಬುಡಿ, ನಿಮ್ಮೊಳಗೆ ಅದಿಲ್ಲ" ಎಂದು ನಿಂಗಮ್ಮ ಚೀಲ ಕೆಳಗಿಟ್ಟು ಕೂತಳು. "ವನಜನ್ನ ಕಳಿಸ್ತೀನಿ. ಆದ್ರೂ ಒಂದು ಮಾತು. ನಿಮ್ಮ ಮಗ್ಗುಲಲ್ಲಿ ಮಲಗಿಸ್ಕಬೇಡಿ. ನಿಮ್ಮ ಲೋಟದಲ್ಲಿ ಕುಡಿಸ್ಬೇಡಿ. ಬೇಜಾರ್ ಮಾಡ್ಕಂಡ್ರಾ?"

"ಇಲ್ಲ. ಮಾತು ಕೊಡ್ತೀನಿ."

ಅವರೆಕಾಯಿ ಒಂದು ಬೊಗಸೆ ಸುರಿದು ಹೋದಳು. ನೀರಿನ ವಿಚಾರ ಕೇಳಲೇ ಇಲ್ಲ. ಗಾಳಿಯದೂ ಇಲ್ಲ, ಚಿರತೆಯದೂ ಇಲ್ಲ.

ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಮಧ್ಯಾಹ್ನವಿಡೀ ಅವರೆಕಾಯಿ ಸುಲಿಯುತ್ತಾ ಕೂತು ಇದನ್ನೇ ಯೋಚಿಸಿದೆ. ಹತ್ತು ತಿಂಗಳಲ್ಲಿ ಯಾರೂ ಆ ಮಾತನ್ನು ನನ್ನ ಮುಖಕ್ಕೆ ಹೇಳಿರಲಿಲ್ಲ. ಎಲ್ಲರೂ ಒಳ್ಳೆಯವರು. ನೀರು, ಗಾಳಿ, ಶೂ, ಹಲ್ಲು ಎಂದರು. ನಾನು ಶಾಲೆಯ ಮಗುವಿನಂತೆ ಒಂದೊಂದು ಪ್ರಶ್ನೆಗೂ ಉತ್ತರ ಬರೆದುಕೊಂಡು ಹೋಗಿ ಕೊಟ್ಟೆ. ಅವು ಪ್ರಶ್ನೆಗಳೇ ಆಗಿರಲಿಲ್ಲ. ಇದೇ ಊರಿನಲ್ಲಿ ಹುಟ್ಟಿ ಬೆಳೆದವಳಿಗೆ ಇಷ್ಟು ತಿಳಿಯಲು ಇಷ್ಟು ದಿನ ಬೇಕಾಯಿತೆ?

೩೦ ಡಿಸೆಂಬರ್, ಗುರುವಾರ

ಮೂರು ದಿನದಿಂದ ಮನೆಮನೆಗೆ ಹೋಗುತ್ತಿದ್ದೇನೆ. ಈಗ ಕೂರುವ ಮೊದಲೇ ಹೇಳಿಬಿಡುತ್ತೇನೆ: "ನನಗೆ ಕ್ಷಯ ಇತ್ತು. ಈಗಿಲ್ಲ. ಬೆಟ್ಟದ ಮೇಲೆ ನಾನು ಬೇರೆ ಮಲಗ್ತೇನೆ, ನನ್ನ ತಟ್ಟೆ ಲೋಟ ಬೇರೆ. ಕೇಳೋದು ಏನಿದ್ದರೂ ಕೇಳಿ."

ಕೆಲವರು ಕಣ್ಣು ತಗ್ಗಿಸಿದರು. ವನಜಳ ಸೋದರಮಾವನ ನೆರೆಮನೆಯವರು ಒಂದು ಗಂಟೆ ಕೇಳಿದರು, ಎಷ್ಟು ಇಂಜೆಕ್ಷನ್ ಹಾಕಿದರು, ಎಲ್ಲಿಗೆ ಹಾಕಿದರು, ನೋಯಿತೇ ಎಂದೆಲ್ಲ. ಕೊನೆಗೆ, "ಅಷ್ಟೇನಾ? ನಾವೇನೋ ಅಂದ್ಕೊಂಡಿದ್ವಿ" ಎಂದು ಅಕ್ಕತಂಗಿಯರಿಬ್ಬರನ್ನೂ ಕಳಿಸಲು ಒಪ್ಪಿದರು. ಹಲ್ಲುನೋವಿನವಳೂ ಬರುತ್ತಾಳೆ.

ಚನ್ನಬಸಮ್ಮನವರ ಮನೆಯಲ್ಲಿ ಕೆಟ್ಟಿತು.

"ಅಯ್ಯೋ ಶಿವನೆ! ನಾನೆಲ್ಲಿ ಹಾಗಂದೆ? ನಿಮ್ಮ ಬಾಯಲ್ಲಿ ಆ ಮಾತು ಯಾಕೆ ಬಂತು? ನನ್ನ ಮನಸ್ಸಲ್ಲಿ ಅಂಥದ್ದು ಇದೆ ಅಂತ ನೀವು ಅಂದ್ಕೊಂಡ್ರಲ್ಲ!" ಕಣ್ಣಲ್ಲಿ ನೀರು ತಂದುಕೊಂಡರು. ಗಿರಿಜೆ ಬಾಗಿಲ ಹಿಂದೆ ನಿಂತಿದ್ದಳು. ಕಾಫಿ ಬರಲಿಲ್ಲ, ಗಾಜಿನ ಲೋಟದಲ್ಲೂ.

ಮನೆಗೆ ಬಂದು ಇವರಿಗೆ ಹೇಳಿದೆ. "ಬಾಗಿಲು ತಟ್ಟದೆ ಒಳಗೆ ಹೋಗಿದೀಯ" ಎಂದರು. ನಿಂಗಮ್ಮ ಬಂದದ್ದೂ ಹಾಗೆಯೇ, ಆದರೆ ಅದು ನನ್ನ ಮನೆಗೆ.

ಅಧ್ಯಕ್ಷರ ಮನೆಯ ಹುಡುಗಿಯೇ ಇಲ್ಲ ಎಂದ ಮೇಲೆ ಎಂಟಾದರೂ ಪ್ರಯೋಜನವಿದೆಯೋ ಇಲ್ಲವೋ.

೨ ಜನವರಿ ೧೯೫೫, ಭಾನುವಾರ

ಐದು ಹುಡುಗಿಯರು ಬಂದಿದ್ದರು. ಶಾಲೆಯ ಅಂಗಳದಲ್ಲಿ ಕಂಬಳಿ ಸುತ್ತುವ ಅಭ್ಯಾಸ ಮಾಡಿಸಿದೆ. ಪೇಪರು ಹಾಸಿ, ಮೇಲೆ ಮಲಗಿ, ಕಂಬಳಿಯ ಅಂಚನ್ನು ಮೈಕೆಳಗೆ ಮಡಚಿಕೊಳ್ಳುವುದು. ಹಲ್ಲುನೋವಿನವಳು ಸುತ್ತಿಕೊಂಡು ಬಿಡಿಸಿಕೊಳ್ಳಲಾಗದೆ ಅಂಗಳದ ಈ ತುದಿಯಿಂದ ಆ ತುದಿಗೆ ಉರುಳಿದಳು. ಉಳಿದವರಿಗೆ ನಕ್ಕು ನಕ್ಕು ಸಾಕಾಯಿತು.

"ಇದು ಯಾರು ಕಲಿಸಿದ್ದು ಮಿಸ್?" ಎಂದಳು ವನಜ.

"ಸ್ಯಾನಟೋರಿಯಂನಲ್ಲಿ ಎರಡು ಚಳಿಗಾಲ ಹೀಗೇ ಹೊರಗೆ ಮಲಗಿದ್ದೆ. ಬೆಳಿಗ್ಗೆ ಎದ್ದರೆ ಕಂಬಳಿ ಮೇಲೆಲ್ಲ ಇಬ್ಬನಿ."

"ರಾತ್ರಿ ಒಂದಕ್ಕೆ ಬಂದರೆ?"

"ಅದನ್ನೂ ಹೇಳಿಕೊಡ್ತೀನಿ" ಎಂದೆ. ಅದನ್ನೂ ಹೇಳಿಕೊಟ್ಟೆ. ಇಡೀ ದಿನದಲ್ಲಿ ಅವರು ಅತ್ಯಂತ ಗಮನ ಕೊಟ್ಟು ಕೇಳಿದ ಪಾಠ ಅದೇ.

೫ ಜನವರಿ, ಬುಧವಾರ

ಹುಡುಗಿಯರ ಜೊತೆಗೆ ಇನ್ನೊಬ್ಬ ಹೆಂಗಸು ಇರಲೇಬೇಕು. ಮೊದಲಿನಿಂದಲೂ ಬೊಳ್ಳವ್ವ ಬರುತ್ತಾಳೆಂದೇ ಇತ್ತು. ಇವತ್ತು ಅವಳ ಕೋಣೆಗೆ ಹೋದರೆ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದಳು.

"ಮೊಣಕಾಲು ಹಿಡ್ಕೊಂಡಿದೆ ವಿಮಲಾ. ಏರು ಹತ್ತೋಕೆ ಆಗುತ್ತೋ ಇಲ್ವೋ. ನಮ್ಮ ಡ್ರಿಲ್ ಟೀಚರನ್ನ ಕೇಳಿ ನೋಡಲಾ?"

ಹೋದ ವಾರ ಇದೇ ಮೊಣಕಾಲು ಮಾರ್ಕೆಟ್ಟಿನ ಏರನ್ನು ನನಗಿಂತ ಮೊದಲು ಹತ್ತಿತ್ತು.

ಎದ್ದು ಬಾಗಿಲು ಮುಚ್ಚಿದೆ. "ಮೊಣಕಾಲಾ, ಭಯವಾ?"

ಹೊರಗೆ ಆರನೇ ತರಗತಿಯವರು ಮಗ್ಗಿ ಹೇಳುತ್ತಿದ್ದರು. ನಲವತ್ತು ವರ್ಷದ ಹಿಂದೆ ನಾವಿಬ್ಬರೂ ಇಷ್ಟೇ ಜೋರಾಗಿ ಹೇಳುತ್ತಿದ್ದೆವು, ಅವಳು ತಪ್ಪು ಹೇಳಿದರೆ ನಾನು ಮೊಣಕೈಯಿಂದ ತಿವಿಯುತ್ತಿದ್ದೆ.

"ಭಯ" ಎಂದಳು. "ಮನೇಲಿ ಮಕ್ಕಳಿದಾರೆ. ನಿನ್ನನ್ನ ನೋಡೋಕೆ ಬಂದಾಗಲೂ ಮನೆಗೆ ಹೋಗಿ ತಲೆಗೆ ನೀರು ಹಾಕ್ಕೊಂಡು ಆಮೇಲೆ ಅವರನ್ನ ಮುಟ್ಟಿದ್ದೆ. ಇಷ್ಟು ದಿನ ಹೇಳಬೇಕು ಅಂತಿದ್ದೆ."

"ಈಗ ಹೇಳಿದೆಯಲ್ಲ."

"ಕೋಪ ಬಂತಾ?"

"ಇಲ್ಲ. ನಿನ್ನ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ."

ನಿಜವೇ? ಹೌದು, ಮಾಡುತ್ತಿದ್ದೆ. ತಲೆಗೆ ಎರಡು ಸಲ ಹಾಕಿಕೊಳ್ಳುತ್ತಿದ್ದೆ.

ಮಗ್ಗಿ ಮುಗಿದು ಗಂಟೆ ಹೊಡೆಯಿತು. ಅವಳು ಸ್ಟೂಲಿನಿಂದ ಕಾಲಿಳಿಸಿ ಚಪ್ಪಲಿ ಹುಡುಕಿದಳು. "ಭಯ ಹೋಗಿಲ್ಲ. ಆದರೂ ಬರ್ತೀನಿ. ಡ್ರಿಲ್ ಟೀಚರ್ ಗೊರಕೆ ಹೊಡೀತಾರೆ."

೭ ಜನವರಿ, ಶುಕ್ರವಾರ

ಏಲಕ್ಕಿ ಹೊತ್ತುಕೊಂಡು ಮಂಡಿಗೆ ಬಂದ ಬೆಳ್ಯಪ್ಪನವರ ಆಳು ಕರಿಯ ಹೇಳಿಹೋದ: ಮೇಲಿನ ಬಯಲು ಸುಟ್ಟಾಗಿದೆ, ನಿಮ್ಮ ಹಾಸಿಗೆ ತಯಾರು.

ಆರು ಹುಡುಗಿಯರು. ಎಂಟಲ್ಲ.

ಸಂಜೆ ಬೊಳ್ಳವ್ವ ಹೇಳಿಕಳಿಸಿದ್ದಳು: ಆರಾದರೆ ಕಮಿಟಿಗೆ ಲೆಕ್ಕಕ್ಕಿಲ್ಲ, ಏನು ಮಾಡೋಣ, ಮುಂದಕ್ಕೆ ಹಾಕಿ ಇನ್ನಿಬ್ಬರಿಗೆ ಪ್ರಯತ್ನಿಸೋಣವೇ? ನಾಳೆ ಮೊದಲ ಬಸ್ಸಿಗೇ ಹೊರಡುವುದು, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಬಾ ಎಂದು ಉತ್ತರ ಕಳಿಸಿದೆ. ಅವಲಕ್ಕಿ, ಬೆಲ್ಲ, ರೊಟ್ಟಿ, ಕಡಲೆಬೀಜ, ಕಾಫಿಪುಡಿ ಕಟ್ಟಿಯಾಯಿತು. ಲಾಟೀನಿಗೆ ಎಣ್ಣೆ ಹಾಕಿಯಾಯಿತು. ಇವರು ತಮ್ಮ ಉಣ್ಣೆಯ ಕೋಟನ್ನು ತಂದು ಚೀಲದ ಮೇಲಿಟ್ಟು, ತೋಳು ಉದ್ದ, ಮಡಚಿಕೋ ಎಂದರು.

ಕೆಲಸದ ವಿಚಾರ ಈಗ ಯೋಚಿಸಿದರೆ ಒಂದು ಉತ್ತರವೂ ಹೊಳೆಯುವುದಿಲ್ಲ. ಗಾಳಿ ಪಶ್ಚಿಮದಿಂದ ಬಂದರೆ ಎಲ್ಲಿ ಮಲಗುವುದು, ಪೂರ್ವದಿಂದ ಬಂದರೆ ಎಲ್ಲಿ ಎಂಬುದು ಮಾತ್ರ ಚೆನ್ನಾಗಿ ಗೊತ್ತಿದೆ.

೯ ಜನವರಿ, ಭಾನುವಾರ

ಮಧ್ಯಾಹ್ನ ಬಂದೆವು. ಎಲ್ಲರೂ ಕಪ್ಪು. ಮೂರು ನೀರು ಹಾಕಿದರೂ ನನ್ನ ಕಿವಿಯಿಂದ ಮಸಿ ಹೋಗಿಲ್ಲ.

ಏರಿನಲ್ಲಿ ಎಲ್ಲೂ ತೊಂದರೆಯಾಗಲಿಲ್ಲ. ಬೊಳ್ಳವ್ವ ಮಾತ್ರ ಪ್ರತಿ ತಿರುವಿನಲ್ಲೂ ಕೂತು ನೋಟ ಚೆನ್ನಾಗಿದೆ ಎನ್ನುತ್ತಿದ್ದಳು. ಸುಟ್ಟ ಹುಲ್ಲು ದೂರದಿಂದ ಚಾಪೆಯಂತೆ ಕಾಣುತ್ತದೆ, ಮಲಗಿದರೆ ಬುಡದ ಕೂಳೆಯೆಲ್ಲ ಬೆನ್ನಿಗೆ ಚುಚ್ಚುತ್ತದೆ. ಇದನ್ನು ನಾನು ಯೋಚಿಸಿರಲಿಲ್ಲ. ಇಷ್ಟೊಂದು ಯೋಚಿಸಿ ಇದನ್ನೇ ಬಿಟ್ಟಿದ್ದೆ.

ಕತ್ತಲಾಗುತ್ತಿದ್ದಂತೆ ಗಾಳಿ ಶುರುವಾಯಿತು. ಹುಡುಗಿಯರನ್ನು ಸಾಲಾಗಿ ಮಲಗಿಸಿ, ಬಂಡೆಯ ಮರೆ ಅವರಿಗೆ ಬಿಟ್ಟು, ನಾನು ಹತ್ತು ಮಾರು ದೂರದಲ್ಲಿ ಹಾಸಿಕೊಂಡೆ, ನನ್ನ ಉಸಿರು ಅವರ ಕಡೆ ಹೋಗದಂತೆ, ಗಾಳಿ ಬೀಸಿಹೋಗುವ ದಿಕ್ಕಿಗೆ. ಅಲ್ಲಿಂದಲೇ ಕೂಗಿ ಹೇಳುತ್ತಿದ್ದೆ, ಅಂಚು ಮಡಚಿ, ಮಗ್ಗುಲಾಗಿ, ಬಾಯಿ ಮುಚ್ಚಿ ಎಂದು. "ಇಲ್ಲೇ ಬನ್ನಿ ಮಿಸ್, ನಡುಗ್ತಾ ಇದೀರ" ಎಂದು ವನಜ ಎರಡು ಸಲ ಕರೆದಳು. ನಿನ್ನ ಅಮ್ಮನಿಗೆ ಮಾತು ಕೊಟ್ಟಿದ್ದೇನೆ ಎಂದೆ. ನಡುಗುತ್ತಿದ್ದುದು ಮಾತ್ರ ನಿಜ. ವರಾಂಡಕ್ಕೆ ಮೂರು ಗೋಡೆಯಾದರೂ ಇತ್ತು.

ಸ್ವಲ್ಪ ಹೊತ್ತಿಗೆ ಯಾರೋ ಏನನ್ನೋ ಎಳೆದುಕೊಂಡು ಬರುವ ಸದ್ದು. ಬೊಳ್ಳವ್ವ. ತನ್ನ ಕಂಬಳಿ ಪೇಪರು ಎಲ್ಲವನ್ನೂ ಗಾಳಿಯಲ್ಲಿ ಹಿಡಿದುಕೊಂಡು ಬಂದು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದಳು.

"ಮಾತು ಕೊಟ್ಟಿದೀನಿ ಬೊಳ್ಳವ್ವ."

"ನಾನು ಯಾರ ಅಮ್ಮನಿಗೂ ಕೊಟ್ಟಿಲ್ಲ. ಸುಮ್ಮನೆ ಮಲಕ್ಕೊ."

ನಿದ್ದೆ ಬಂತು. ಬೆಳಿಗ್ಗೆ ಹುಡುಗಿಯರು ಊಟೆಯ ನೀರಿನಲ್ಲಿ ಮುಖ ತೊಳೆದು ಕಿರುಚಿದ್ದು ಕೆಳಗಿನ ಹಳ್ಳಿಗೂ ಕೇಳಿಸಿತಂತೆ.

ಬಸ್ಸು ನಿಲ್ದಾಣದಲ್ಲಿ ನಿಂಗಮ್ಮ ಕಾದಿದ್ದಳು. ಮಗಳ ಮುಖ ನೋಡಿ, "ಇದ್ಯಾವ ಇದ್ದಿಲು ಮೂಟೆ?" ಎಂದಳು. ಆಮೇಲೆ ಮಗಳನ್ನು ಪಕ್ಕಕ್ಕೆ ಕರೆದು ಏನೋ ಕೇಳಿದಳು. ವನಜ ಕೈ ಚಾಚಿ ದೂರ ತೋರಿಸಿದಳು. ನಿಂಗಮ್ಮ ನೇರ ನನ್ನ ಹತ್ತಿರ ಬಂದಳು.

"ಆ ಚಳೀಲಿ ಒಬ್ರೇ ಬಯಲಲ್ಲಿ ಬಿದ್ಕಂಡಿದ್ರಂತೆ? ಬುದ್ಧಿ ಐತಾ ನಿಮ್ಗೆ?"

"ನೀವೇ ಹೇಳಿದ್ದಿರಿ."

"ಹೇಳ್ದೆ! ಮಗ್ಗುಲು ಬ್ಯಾಡ ಅಂದೆ, ಸಾಯಿ ಅಂದ್ನಾ? ಓದ್ದೋರಿಗೆ ಒಂದು ಹೇಳಿದ್ರೆ ಅಷ್ಟನ್ನೇ ಹಿಡ್ಕತೀರಲ್ಲ." ಬಯ್ಯುತ್ತಲೇ ಸೆರಗಿನಿಂದ ನನ್ನ ಕೆನ್ನೆಯ ಮಸಿ ಒರೆಸಿದಳು, ಜೋರಾಗಿ, ಮಕ್ಕಳಿಗೆ ಒರೆಸಿದ ಹಾಗೆ.

ಮನೆಗೆ ಬಂದಾಗ ಸಿದ್ದಮ್ಮ ಕಾಫಿ ಮಾಡಿಟ್ಟಿದ್ದಳು. ಎರಡು ಲೋಟ ಕುಡಿದು ಮಲಗಿದವಳು ಎದ್ದಾಗ ದೀಪ ಹಚ್ಚುವ ಹೊತ್ತು.

೧೨ ಜನವರಿ, ಬುಧವಾರ

ಚನ್ನಬಸಮ್ಮನವರು ಮನೆಗೆ ಬಂದಿದ್ದರು. ನಾನು ಸ್ಯಾನಟೋರಿಯಂನಿಂದ ಬಂದ ಮೇಲೆ ಇದೇ ಮೊದಲು. ಬಾಗಿಲಲ್ಲೇ ಶುರು ಮಾಡಿದರು.

"ಅಲ್ಲ ವಿಮಲಕ್ಕ, ಊರ ಹುಡುಗೀರನ್ನೆಲ್ಲ ಕರ್ಕೊಂಡು ಹೋದ್ರಿ, ನಮ್ಮ ಗಿರಿಜೆ ಒಬ್ಬಳೇ ನಿಮ್ಮ ಕಣ್ಣಿಗೆ ಬೀಳಲಿಲ್ವಾ? ಮೂರು ದಿನದಿಂದ ಮುಖ ಊದಿಸ್ಕೊಂಡು ಕೂತಿದಾಳೆ. ಶಾಲೇಲಿ ಎಲ್ರೂ ಮಸಿ ಕಥೇನೇ ಹೇಳ್ತಾರಂತೆ, ಇವಳಿಗೆ ಹೇಳೋಕೆ ಏನೂ ಇಲ್ವಂತೆ. ನಾನೇನು ಕಳಿಸಲ್ಲ ಅಂದಿದ್ನಾ?"

ಕಳಿಸುವುದಿಲ್ಲ ಎಂದು ಅವರು ನಿಜವಾಗಿಯೂ ಅಂದಿರಲಿಲ್ಲ. ಹಿಂದಕ್ಕೆ ಹೋಗಿ ಯೋಚಿಸಿದೆ, ಒಮ್ಮೆಯೂ ಅಂದಿಲ್ಲ. ನೇರ ಮಾತು ನಾಲಿಗೆಯ ತುದಿಯಲ್ಲಿತ್ತು. ಎರಡು ವಾರದಿಂದ ಅದೇ ಅಭ್ಯಾಸವಾಗಿದೆ.

"ತಪ್ಪು ನಂದೇ" ಎಂದೆ. "ಇನ್ನೊಂದ್ಸಲ ಬಂದು ಕರೀಬೇಕಿತ್ತು."

"ಕರೀಬೇಕಿತ್ತು" ಎಂದರು. ಕೂತರು. ಕಾಫಿ ಕುಡಿದು, ಇನ್ನೊಂದಿಷ್ಟು ಹಾಕಿಸಿಕೊಂಡು, ಹೊರಡುವಾಗ ಹೇಳಿದರು: "ನಮ್ಮನೆಯವರಿಗೂ ಅಂದಿದೀನಿ. ಆರೋ ಎಂಟೋ, ಎಂಥ ಲೆಕ್ಕ ಅದು? ಗಿರಿಜೆ ಪರೀಕ್ಷೆ ಹತ್ರ ಬಂತು, ಹೊಸ ಟೀಚರ ಭೂಗೋಳ ಇವಳ ತಲೆಗೆ ಹತ್ತಲ್ಲ ಅಂತ."

ಇಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ಆಕೆ ಇವತ್ತು ಹೇಗೆ ಬರುತ್ತಿದ್ದರು? ನಿಂಗಮ್ಮನ ಮಾತು ಸರಿ ಎಂದುಕೊಂಡಿದ್ದೆ, ಈಗಲೂ ಸರಿಯೇ. ಆದರೆ ನೀರಿಲ್ಲ ಎಂದವರಿಗೆ ಎಂದಾದರೂ ತಿರುಗಿ ಬರಲು ದಾರಿ ಇರುತ್ತದೆ. ಅದೂ ಒಂದು ಏರ್ಪಾಡೇನೋ. ಪೂರ್ತಿ ಖಚಿತವಿಲ್ಲ, ಇನ್ನೂ ಯೋಚಿಸಬೇಕು.

೧೭ ಜನವರಿ, ಸೋಮವಾರ

ಕಮಿಟಿ ನಿನ್ನೆ ಸೇರಿತ್ತು. ನನ್ನ ವಿಚಾರ ಬೇಗ ಮುಗಿದು, ಉಳಿದ ಹೊತ್ತೆಲ್ಲ ಶಾಲೆಯ ಸೋರುವ ಹೆಂಚಿನ ಮಾತೇ ಆಯಿತಂತೆ. ಬೊಳ್ಳವ್ವ ರಾತ್ರಿಯೇ ಹೇಳಿಕಳಿಸಿದಳು: ಬೆಳಿಗ್ಗೆ ಬಾ, ಕಿವಿ ತೊಳೆದುಕೊಂಡು ಬಾ.

ಮೊದಲ ಪೀರಿಯಡ್ ಏಳನೇ ತರಗತಿಗೆ ಭೂಗೋಳ. ಬೆಟ್ಟಕ್ಕೆ ಬಂದಿದ್ದವರಲ್ಲಿ ನಾಲ್ವರು ಅದೇ ತರಗತಿಯವರು, ಗಿರಿಜೆಯೂ ಅಲ್ಲೇ, ಮುಂದಿನ ಬೆಂಚು.

ಓದುವಂತೆ ವನಜಳಿಗೆ ಹೇಳಿದೆ. "ಎತ್ತರದಲ್ಲಿರುವ ವಿಶಾಲವೂ ಸಮತಟ್ಟೂ ಆದ ನೆಲವನ್ನು ಪ್ರಸ್ಥಭೂಮಿ ಎನ್ನುತ್ತಾರೆ." ಓದಿ ಮುಗಿಸಿ ಕೂರಲಿಲ್ಲ, ಪುಸ್ತಕವನ್ನೇ ನೋಡುತ್ತಾ ನಿಂತಳು.

"ಏನು ವನಜಾ?"

"ಇದನ್ನ ಬರೆದೋರು ಅಲ್ಲಿ ಮಲಗಿಲ್ಲ ಮಿಸ್."

ನಾಲ್ವರೂ ಬೆನ್ನು ತಡವಿಕೊಂಡು ನಕ್ಕರು. ಗಿರಿಜೆ ಹಿಂದೆ ತಿರುಗಿ, ಯಾಕೆ, ಅಲ್ಲಿ ಏನಿತ್ತು ಎಂದು ಕೇಳುತ್ತಿದ್ದಳು. ಪರೀಕ್ಷೆಯಲ್ಲಿ ಸಮತಟ್ಟು ಎಂದೇ ಬರೆಯಬೇಕು ಎಂದು ಹೇಳಿ ಮುಂದಿನ ಪುಟಕ್ಕೆ ಹೋದೆ.